ನವಿಲಿನೊಳಗಿನ ಹಸಿರು ಸೀರೆ

"ಬೆಸ್ತರ ಪೆಟ್ಟಿಗೇಲಿ ಒಂದ್ ಸೀರೆ ಕಮ್ಮಿ ಐತೆ ಸಾರ್," ಎಂದಳು ದ್ರೌಪದಮ್ಮ. ಅದು ಅವಳು ಎಣಿಸಿದ್ದು ನಾಲ್ಕನೇ ಸಲ.

ಮುರಿಗೆಪ್ಪ ಅವಳ ಕಡೆ ತಿರುಗಲೇ ಇಲ್ಲ. ವೇದಿಕೆಯ ಹಿಂದಿನ ಸಣ್ಣ ಕೋಣೆಯ ನೆಲವನ್ನೇ ನೋಡುತ್ತ ನಿಂತಿದ್ದ. ತೊಳೆದರೂ ಆ ಕಲೆ ಪೂರ್ತಿ ಹೋಗಿರಲಿಲ್ಲ. ಹಿಂದಿನ ಸಂಜೆ, ನವಿಲಿನ ಕುಣಿತ ಮುಗಿದ ಐದೇ ನಿಮಿಷಕ್ಕೆ, ಕುಣಿದ ನೀಲಕ್ಕ ಇಲ್ಲಿ ಹೆಣವಾಗಿ ಬಿದ್ದಿದ್ದಳು. ಮುಖವಾಡ ವಾಪಸು ತರಲು ಒಳಗೆ ಹೋದ, ಕಾರ್ಖಾನೆಗೆ ಆಟವಾಡಲು ಬಂದಿದ್ದ ಬ್ಯಾಲೆ ಮಂಡಳಿಯ ದರ್ಜಿ ಅಕ್ಬರ್ ಪಾಷಾ ಕೈಯೆಲ್ಲ ರಕ್ತ ಮಾಡಿಕೊಂಡು ಹೊರಗೆ ಬಂದಿದ್ದ. ಹೆಣದ ಪಕ್ಕದಲ್ಲಿ ಬಿದ್ದಿದ್ದು ಅವನದೇ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಇನ್‌ಸ್ಪೆಕ್ಟರ್ ರಾಮಕೃಷ್ಣಪ್ಪನಿಗೆ ಅಷ್ಟು ಸಾಕಾಗಿತ್ತು.

ಮುರಿಗೆಪ್ಪನಿಗೆ ಸಾಕಾಗಿರಲಿಲ್ಲ. ಯಶವಂತಪುರದ ಈ ಪಂಪು ಕಾರ್ಖಾನೆಗೆ ಅವನು ಸೆಕ್ಯುರಿಟಿ ಆಫೀಸರು. ಹನ್ನೆರಡು ವರ್ಷ ಪಟಾಲಮ್ಮಿನಲ್ಲಿದ್ದು ಬಂದವನು. ಒಣಗಿದ ರಕ್ತಕ್ಕೂ ಹಸಿ ರಕ್ತಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಐದು ನಿಮಿಷದ ಹಿಂದೆ ಹರಿದ ರಕ್ತದ ಅಂಚು ಹಾಗೆ ಕಪ್ಪಗೆ ಗಟ್ಟಿಯಾಗಿರುವುದಿಲ್ಲ ಎಂದು ಅವನು ನಿನ್ನೆಯೇ ಹೇಳಿದ್ದ. ದೀಪಗಳ ಕಾವು ಕಣ್ರೀ ಎಂದು ಇನ್‌ಸ್ಪೆಕ್ಟರು ಆ ಮಾತನ್ನು ಅಲ್ಲಿಗೇ ಮುಗಿಸಿದ್ದ.

ಹಿಂದಿನ ಗೇಟಿನ ಕ್ಯಾಬಿನ್ನಿನಲ್ಲಿ ಪಾಷಾನ ಹೆಂಡತಿ ಸಬೀರಾ ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದಳು. ಕಾವಲ್ ಭೈರಸಂದ್ರದಿಂದ ನಡೆದೇ ಬಂದಿದ್ದಳು. ಅತ್ತಿರಲಿಲ್ಲ, ಬೇಡಿಕೊಂಡಿರಲಿಲ್ಲ. "ಅವರ ಕೈಯಿಂದ ಕೋಳಿ ಕೊಯ್ಯೋದೂ ಆಗಲ್ಲ ಅಣ್ಣಾ. ಹಬ್ಬಕ್ಕೆ ನಮ್ಮಣ್ಣನೇ ಬರಬೇಕು," ಎಂದಷ್ಟೇ ಹೇಳಿದ್ದಳು. ಸಂಜೆಯೊಳಗೆ ನಿನ್ನ ಗಂಡನನ್ನು ಕರೆದುಕೊಂಡು ಬರುತ್ತೇನೆ ಎಂದು ಮುರಿಗೆಪ್ಪ ಮಾತು ಕೊಟ್ಟುಬಿಟ್ಟಿದ್ದ. ಕೊಟ್ಟ ಮೇಲೆ ತನ್ನ ನಾಲಗೆಯನ್ನು ತಾನೇ ಬೈದುಕೊಂಡಿದ್ದ. ನಾಳೆ ಹನ್ನೊಂದಕ್ಕೆ ಪಾಷಾನನ್ನು ಕೋರ್ಟಿಗೆ ಒಯ್ಯುತ್ತಾರೆ. ಇವತ್ತು ನಾಲ್ಕೂವರೆ ರೈಲಿಗೆ ಬ್ಯಾಲೆ ಮಂಡಳಿ ದಾವಣಗೆರೆಗೆ ಹೊರಡುತ್ತದೆ. ಇಪ್ಪತ್ತೆರಡು ಜನ, ಒಂಬತ್ತು ಪೆಟ್ಟಿಗೆ. ಅವರು ಹೋದರೆ ಸತ್ಯವೂ ಅವರ ಜೊತೆಗೇ ಹೋಗುತ್ತದೆ.

"ನಾನ್ ಹೇಳಿದ್ದು ಕೇಳಿಸ್ತಾ ಸಾರ್? ಸೀರೆ ಕಮ್ಮಿ ಐತೆ. ಕಾಶಿನಾಥಪ್ನೋರು ನನ್ನೇ ಕೇಳ್ತಾರೆ ಆಮೇಲೆ."

"ಯಾವ ಸೀರಿ ಯವ್ವಾ?" ಎಂದ ಮುರಿಗೆಪ್ಪ, ಸಿಡುಕುತ್ತ. ವಿಜಾಪುರದ ಕಡೆಯ ಮಾತು ಹನ್ನೆರಡು ವರ್ಷದ ಪಟಾಲಮ್ಮಿನಲ್ಲಿ ಹೋಗಿರಲಿಲ್ಲ, ಬೆಂಗಳೂರಿನಲ್ಲಿ ಹೋಗುವ ಮಾತೇ ಇರಲಿಲ್ಲ.

"ಹಸಿರುದ್ದು. ಬೆಸ್ತರ ಹುಡುಗೀರ್ ಉಡೋದು. ಆರ್ ಇರ್ಬೇಕು, ಐದೇ ಅವೆ."

ಹಸಿರು ಸೀರೆ ಎಲ್ಲಿದೆ ಎಂದು ಮುರಿಗೆಪ್ಪನಿಗೆ ಗೊತ್ತಿತ್ತು. ಆಸ್ಪತ್ರೆಯ ಶವಾಗಾರದಲ್ಲಿತ್ತು. ನೀಲಕ್ಕ ಬಿದ್ದಿದ್ದಾಗ ಅವಳ ಮೈಮೇಲೆ ಇದ್ದದ್ದು ಅದೇ, ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ. ಪಕ್ಕದಲ್ಲಿ ನವಿಲಿನ ಬಿದಿರಿನ ಗೂಡು, ಕೊಕ್ಕಿನ ಮುಖವಾಡ. ನೀಲಕ್ಕನ ಮೈಮೇಲಿತ್ತು, ಪೊಲೀಸರು ಒಯ್ದಿದ್ದಾರೆ, ಲೆಕ್ಕ ಸರಿಹೋಯಿತಲ್ಲ ಎಂದು ಅವನು ಹೇಳಿದ.

ದ್ರೌಪದಮ್ಮನ ಕೈ ನಿಂತಿತು.

"ನೀಲಕ್ಕ ಹಸಿರು ಉಟ್ಟಿದ್ಲಾ?"

"ಹೌದು. ಯಾಕ?"

"ಅದೆಂಗಾದಾತು?" ಎಂದಳು ಅವಳು, ಅವನನ್ನಲ್ಲ, ಪೆಟ್ಟಿಗೆಯನ್ನು ಕೇಳುವವಳಂತೆ.

ದ್ರೌಪದಮ್ಮ ಯಲಹಂಕದವಳು. ಎಂಟು ವರ್ಷದಿಂದ ಈ ಮಂಡಳಿಯ ಬಟ್ಟೆಬರೆಯೆಲ್ಲ ಅವಳ ಸುಪರ್ದು. ಗಲಾಟೆಯಾದಾಗ ಅವಳು ವೇದಿಕೆಯ ಆಚೆ ಬದಿಯಲ್ಲಿದ್ದಳು. ಈಚೆಗೆ ಓಡಿ ಬರುವಷ್ಟರಲ್ಲಿ ಹೆಣದ ಮೇಲೆ ದುಪ್ಪಟಿ ಹೊದಿಸಿ ಆಗಿತ್ತು. ಒಳಗೆ ಯಾವ ಬಣ್ಣವಿತ್ತೆಂದು ಅವಳು ನೋಡಿರಲಿಲ್ಲ.

ಮುರಿಗೆಪ್ಪ ಒಂದು ಪೆಟ್ಟಿಗೆ ಎಳೆದು ಅದರ ಮೇಲೆ ಕೂತ. ಏನು ಆಗಬಾರದಿತ್ತು, ಬಿಡಿಸಿ ಹೇಳು ಎಂದ.

ಅವಳು ಹೇಳಿದಳು. ಮಂಡಳಿಯ ಹತ್ತಿರ ಒಂಬತ್ತು ಆಟಗಳಿದ್ದವು. ಒಂದೊಂದು ಆಟಕ್ಕೂ ಒಂದೊಂದು ಪೆಟ್ಟಿಗೆ, ಒಂದೊಂದು ಬಣ್ಣ. ನೀಲಿ ಬಳಿದದ್ದು ನವಿಲು, ಹಸಿರು ಬಳಿದದ್ದು ಬೆಸ್ತರು, ಕೆಂಪು ಮೋಹಿನಿ. ಕಪ್ಪು ಪೆಟ್ಟಿಗೆಯಲ್ಲಿ ಗಾಲಿ ಕುಣಿತದ ಖಾಕಿ ಅಂಗಿಗಳು, ಹಳದಿಯಲ್ಲಿ ಮಕ್ಕಳಿಗೆ ಆಡುವ ಗೊಂಬೆ ಮದುವೆ. ಎಲ್ಲ ಊರಿಗೂ ಎಲ್ಲ ಆಟ ಇಲ್ಲ. ಗಿರಣಿ ಊರಿಗೆ ಗಾಲಿ, ಸಮುದ್ರ ಕಾಣದ ಊರಿಗೆ ಬೆಸ್ತರು, ಊರ ಹಿರಿಯರು ಮುಂದೆ ಕೂರುವ ಕಡೆ ಮೋಹಿನಿ. ಹಾಗೆ ಒಂದು ಸಂಜೆಗೆ ಮೂರು ಆರಿಸುತ್ತಾರೆ. ಆಟದಿಂದ ಆಟಕ್ಕೆ ನಡುವೆ ಎರಡೇ ನಿಮಿಷ. ಅಷ್ಟರಲ್ಲಿ ಬಟ್ಟೆ ಬದಲಿಸಲು ಆಗುವುದಿಲ್ಲ.

"ಅದಕ್ಕೆ ಮುಂದಿನ ಆಟದ ಬಟ್ಟೆ ಒಳಗೆ ಉಟ್ಟಿರ್ತಾರೆ ಸಾರ್. ಮೇಲಿಂದು ಕಳಚಿದ್ರೆ ಮುಂದಿಂದು ರೆಡಿ. ನವಿಲಿನ ಗೂಡು ದೊಡ್ದು, ಪಾದ ಬಿಟ್ಟು ಏನೂ ಕಾಣಕಿಲ್ಲ. ಅದ್ರೊಳಗೆ ಏನ್ ಉಟ್ರೂ ನಡೀತೈತೆ."

"ನವಿಲು ಆದ ಮ್ಯಾಲೆ ಬೆಸ್ತರ ಆಟ. ಹಸಿರು ಉಟ್ಟಾಳ. ತಪ್ಪೇನು?"

"ಎರಡ್ನೇದಕ್ಕೆ ಬೆಸ್ತರು ಎಲ್ಲಿತ್ತು ಸಾರ್ ನಿನ್ನೆ? ಬದಲಾಯ್ಸುದ್ರಲ್ಲ."

ಮುರಿಗೆಪ್ಪ ಎದ್ದು ನಿಂತ.

ಅವನಿಗೂ ನೆನಪಾಯಿತು. ಮೊದಲೇ ಅಚ್ಚಾಗಿದ್ದ ಕಾಗದದಲ್ಲಿ ನವಿಲು, ಬೆಸ್ತರು, ಮೋಹಿನಿ ಎಂದಿತ್ತು. ಸಂಜೆ ಐದೂವರೆ ದಾಟಿದ ಮೇಲೆ, ಮುಖ್ಯ ಅತಿಥಿಗಳು ಏಳೂವರೆಗೆ ಎದ್ದು ಹೋಗಬೇಕಂತೆ, ಮೋಹಿನಿ ನೋಡದೆ ಹೋಗುವುದಿಲ್ಲವಂತೆ ಎಂದು ಮ್ಯಾನೇಜರರ ಕಡೆಯಿಂದ ಹೇಳಿಕೆ ಬಂದಿತ್ತು. ಮಂಡಳಿಯ ಯಜಮಾನ ಕಾಶಿನಾಥ ಹಲಗೆಯ ಮೇಲೆ ಸೀಮೆಸುಣ್ಣದಿಂದ ಮೋಹಿನಿಯನ್ನು ಎರಡನೆಯದಕ್ಕೆ ತಂದು, ಬೆಸ್ತರನ್ನು ಕೊನೆಗೆ ತಳ್ಳಿದ್ದ.

"ನೀಲಕ್ಕಗ ಯಾರು ಹೇಳಿದ್ರು ಇದನ್ನ?"

"ನಾನೇ. ಆರಕ್ಕೆ ಇನ್ನೂ ಕಾಲ್ ಗಂಟೆ ಇತ್ತು. ಬಾಗ್ಲು ಹಾಕಿತ್ತು. ನೀಲಕ್ಕ, ಮೋಹಿನಿ ಎರಡ್ನೇದಂತೆ, ಕೆಂಪು ರೇಷ್ಮೆ ಮೊಳೆಗೆ ತಗಲಾಕಿದೀನಿ ಉಟ್ಕೋ ಅಂದೆ."

"ಆಕಿ ಏನಂದ್ಲು?"

"ಹೂಂ ಅಂದ್ಲು. ಅಷ್ಟೇಯ."

"ರೇಷ್ಮೆ?"

ದ್ರೌಪದಮ್ಮ ಕೆಂಪು ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಮೇಲೇ ಇತ್ತು ರೇಷ್ಮೆ ಸೀರೆ. ಇಸ್ತ್ರಿ ಮಾಡಿದ ಮಡಿಕೆ ಮುರಿದಿರಲಿಲ್ಲ. ಬೆಳಿಗ್ಗೆ ಪೆಟ್ಟಿಗೆ ತುಂಬುವಾಗ ಬಾಗಿಲ ಹೊರಗಿನ ಮೊಳೆಯ ಮೇಲೆ ಹಾಗೇ ತೂಗುತ್ತಿತ್ತಂತೆ. ಸತ್ತವಳ ಚಿಂತೆಯಲ್ಲಿ ಅವಳು ಅದನ್ನು ತೆಗೆದು ಇಟ್ಟುಬಿಟ್ಟಿದ್ದಳು, ಯಾಕೆ ಅಲ್ಲಿತ್ತೆಂದು ಕೇಳಿಕೊಂಡಿರಲಿಲ್ಲ.

ಮುರಿಗೆಪ್ಪನ ತಲೆಯೊಳಗೆ ಗಂಟು ಒಂದೊಂದಾಗಿ ಬಿಚ್ಚಿತು. ಆಟದ ಕ್ರಮ ಬದಲಾದದ್ದು ನೀಲಕ್ಕನಿಗೆ ಗೊತ್ತಾಗಿರಲೇ ಇಲ್ಲ. ಗೊತ್ತಾಗುವ ಮೊದಲೇ ಅವಳು ಹೋಗಿದ್ದಳು. ಅಂದರೆ ಕಾಲು ಗಂಟೆ ಕಡಿಮೆ ಆರಕ್ಕೆ ಆ ಬಾಗಿಲ ಹಿಂದೆ ಹೂಂ ಎಂದದ್ದು ನೀಲಕ್ಕನಲ್ಲ. ಆರೂ ನಲವತ್ತಕ್ಕೆ ನಾನೂರು ಜನರ ಮುಂದೆ ಗರಿಬಿಚ್ಚಿ ಕುಣಿದ ನವಿಲೂ ನೀಲಕ್ಕನಲ್ಲ.

"ಆಕೀನ ಕಡೀಗೆ ಜೀವಂತ ನೋಡಿದ್ದು ಯಾವಾಗ ನೀ?"

"ಐದು ಗಂಟೆಗೆ. ಚಾ ಕೊಟ್ಟೆ. ಆಮೇಲೆ ಬಾಗ್ಲು ಹಾಕ್ಕೊಂಡ್ಲು. ಮುಖವಾಡ ಹಾಕಿದ್ಮೇಲೆ ನವಿಲು ಯಾರ್ ಜೊತೇನೂ ಮಾತಾಡಂಗಿಲ್ಲ ಸಾರ್, ನಮ್ಮಲ್ಲಿ ಅಂಗೇ ಪದ್ಧತಿ. ಯಾರೂ ಮಾತಾಡ್ಸಕ್ಕೂ ಹೋಗಲ್ಲ."

ಈ ಪದ್ಧತಿ ಗೊತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿರಲಿಲ್ಲ.

*

ಗೇಟಿನ ರಿಜಿಸ್ಟರು ಮುರಿಗೆಪ್ಪನ ಮುಂದೆ ತೆರೆದಿತ್ತು. ಬೆರಳಿಟ್ಟು ಓದಿದ. ಅಕ್ಬರ್ ಪಾಷಾ, ಹೊರಗೆ, ನಾಲ್ಕೂವರೆ. ಅಕ್ಬರ್ ಪಾಷಾ, ಒಳಗೆ, ಆರು ಇಪ್ಪತ್ತು, ಒಂದು ಕಟ್ಟು. ಯಶವಂತಪುರ ಸ್ಟೇಷನ್ನಿನಲ್ಲಿ ಉಳಿದುಹೋಗಿದ್ದ, ಬೆಸ್ತರ ಆಟದ ಬಲೆಗಳ ಕಟ್ಟು ಬಿಡಿಸಿಕೊಳ್ಳಲು ಹೋಗಿದ್ದ. ಪಾರ್ಸೆಲ್ ಆಫೀಸಿನ ಚೀಟಿ ಸಬೀರಾಳ ಹತ್ತಿರವೇ ಇತ್ತು, ಐದು ಐವತ್ತೈದರ ಠಸ್ಸೆ ಇತ್ತು. ಐದಕ್ಕೂ ಐದೂ ಮುಕ್ಕಾಲಿಗೂ ನಡುವೆ ನೀಲಕ್ಕ ಸತ್ತಿದ್ದರೆ, ಪಾಷಾ ಆಗ ಕಾರ್ಖಾನೆಯಲ್ಲೇ ಇರಲಿಲ್ಲ.

"ಹೊರಗಿನವರು ಯಾರು ಬಂದಿದ್ರೋ ನರಸಯ್ಯಾ, ಐದರಿಂದ ಏಳರ ತನಕ?"

ಗೇಟಿನ ನರಸಯ್ಯ ಬಾಗಲಗುಂಟೆಯವನು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ಹೇಳಿದವನಲ್ಲ. "ಒರಗಿನೋರು ಯಾರೂ ಬರ್ನಿಲ್ಲ ಸಾ. ಬಂದಿದ್ರೆ ಬರೀತಿರ್ನಿಲ್ವಾ? ಈ ಕಡೆ ಗೇಟಾಗೆ ಕ್ವಾಟ್ರಸ್ಸಿನೋರು ಬಿಟ್ರೆ ನೊಣ ಬರ್ನಿಲ್ಲ."

ಮುರಿಗೆಪ್ಪ ರಿಜಿಸ್ಟರು ಮುಚ್ಚಿದ. ನವಿಲು ಕುಣಿಯಲು ಕಾರ್ಖಾನೆಯವರಿಗೆ ಬರುವುದಿಲ್ಲ, ಹಾಗಾದರೆ ಕೊಂದವರು ಮಂಡಳಿಯೊಳಗಿನವರೇ.

ನರಸಯ್ಯ ಮೇಜಿನ ಮೇಲೆ ಊಟದ ಡಬ್ಬಿ ಇಟ್ಟ. "ಅಮ್ಮಾವ್ರು ಕಳ್ಸವ್ರೆ. ಮಂಡಳಿಯೋರು ಎಷ್ಟೊತ್ತಿಗೆ ರೈಲ್ ಅತ್ತತಾರೆ ಅಂತ ಕೇಳುದ್ರು. ನಾಲ್ಕೂವರೆಗೆ ಅಂದೆ."

ಹೆಂಡತಿ ಕಳಿಸಿದ ಜೋಳದ ರೊಟ್ಟಿ, ಬದನೆಕಾಯಿ. ನಿಂಗವ್ವನಿಗೆ ಪಾಪ ಈ ಸಾವಿನ ಸುದ್ದಿ ಕೇಳಿ ಗಾಬರಿಯಾಗಿರಬೇಕು. ಬೆಳಿಗ್ಗೆ ಮುಖ ತೊಳೆಯಲು ಮನೆಗೆ ಹೋದಾಗ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಮುಳ್ಳು ಚುಚ್ಚಿತು ಎಂದಿದ್ದಳು. ಯೋಚನೆ ಮಾಡುವಾಗ ಎಡಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆಯನ್ನು ಸವರಿಕೊಳ್ಳುವುದು ಅವಳ ಅಭ್ಯಾಸ. ಬೆಳಿಗ್ಗೆ ಪೂರ್ತಿ ಅದನ್ನೇ ಸವರುತ್ತಿದ್ದಳು. ನಿನ್ನೆ ಎರಡು ಪಾಸು ತಂದುಕೊಟ್ಟರೂ ಕುಣಿತ ಗಿಣಿತ ತನಗೆ ಸೇರುವುದಿಲ್ಲ ಎಂದು ಬಂದಿರಲಿಲ್ಲ. ಮದುವೆಯಾದ ಒಂಬತ್ತು ವರ್ಷದಲ್ಲಿ ಒಂದು ನಾಟಕಕ್ಕೂ ಬಂದವಳಲ್ಲ.

ಮುರಿಗೆಪ್ಪ ಡಬ್ಬಿಯನ್ನು ಸಬೀರಾಳ ಕಡೆ ಸರಿಸಿದ. ಅವಳು ಬೇಡವೆಂದು ತಲೆಯಾಡಿಸಿದಳು. ತಿನ್ನು, ನಿನ್ನ ಗಂಡ ಬಂದಾಗ ನೀನು ತಲೆ ಸುತ್ತಿ ಬಿದ್ದಿರಬಾರದು ಎಂದು ಗದರಿಸಿದ. ಗದರಿಸಿದ ಮೇಲೆ ಅವಳು ಅರ್ಧ ರೊಟ್ಟಿ ಮುರಿದುಕೊಂಡಳು.

ಅವನು ಠಾಣೆಗೆ ಫೋನು ಹಚ್ಚಿದ. ರಾಮಕೃಷ್ಣಪ್ಪ ಪೂರ್ತಿ ಕೇಳಿಸಿಕೊಂಡ. ಅದೇ ದೊಡ್ಡ ವಿಷಯ.

"ಸೀರೆ ಕಥೆ ಚೆನ್ನಾಗೈತೆ ಮುರಿಗೆಪ್ಪ. ಆದ್ರೆ ನಾನೂರ್ ಜನ ನವಿಲು ನೋಡವ್ರೆ. ಅದು ನೀಲಕ್ಕ ಅಲ್ಲ ಅಂದ್ರೆ ಯಾರು? ಆ ಕುಣಿತ ರಸ್ತೇಲಿ ಹೋಗೋರ್ಗೆ ಬರುತ್ತೇನ್ರೀ?"

"ಬರೂದಿಲ್ಲ. ಅದಕ್ಕ ಹೇಳ್ತೀನಿ—"

"ಹೆಸರು ಕೊಡಿ. ರೈಲ್ ಹೊರಡೋದ್ರೊಳಗೆ ಹೆಸರು ಕೊಡಿ, ಪಾಷಾನ ನಾನೇ ಜೀಪಲ್ಲಿ ಮನೆಗ್ ಬಿಡ್ತೀನಿ. ಹೆಸರಿಲ್ದೆ ಬರೀ ಸೀರೆ ಇಟ್ಕೊಂಡು ನಾನೇನ್ ಮಾಡ್ಲಿ? ನಾಲ್ಕ್ ಗಂಟೆಗೆ ನಾನೇ ಫೋನ್ ಮಾಡ್ತೀನಿ."

*

ಕಾಶಿನಾಥ ಖಾಲಿ ವೇದಿಕೆಯ ನಡುವೆ ನೀಲಿ ಪೆಟ್ಟಿಗೆಯ ಮೇಲೆ ಕೂತಿದ್ದ. ಐವತ್ತೈದರ ಆಸುಪಾಸು, ನೆಟ್ಟನೆಯ ಬೆನ್ನು. ಗದಗಿನವನು. ಬೇರೆ ಪೆಟ್ಟಿಗೆಗಳೆಲ್ಲ ಲಾರಿ ಏರಿದ್ದವು. ನವಿಲಿನ ಪೆಟ್ಟಿಗೆಯನ್ನು ಮಾತ್ರ ಆಳುಗಳಿಗೆ ಮುಟ್ಟಗೊಟ್ಟಿರಲಿಲ್ಲ.

ಮುರಿಗೆಪ್ಪ ಬೂಟಿನ ಸದ್ದು ಮಾಡಿಕೊಂಡೇ ಬಂದ. ಗಡಿಯಾರದಲ್ಲಿ ಮೂರೂ ಇಪ್ಪತ್ತು.

"ಯಜಮಾನರ, ನಿನ್ನೆ ಆ ಖೋಲಿಗೆ ನನಗಿಂತ ಮೊದಲು ಹೊಕ್ಕವರು ನೀವು. ಆಕಿ ಮೈಮ್ಯಾಲೆ ಏನಿತ್ತು?"

"ಏನಿತ್ತು?"

"ನಾ ಕೇಳೀನಿ, ನೀವು ಹೇಳ್ರಿ."

ಕಾಶಿನಾಥ ಕೈ ನೋಡಿಕೊಂಡ. ಆ ಹೊತ್ತಿನಲ್ಲಿ ಬಣ್ಣ ಯಾರು ನೋಡುತ್ತಾರೆ ಎಂದ.

"ನೀವು ನೋಡ್ತೀರಿ. ಮೂವತ್ತು ವರ್ಷ ಬಣ್ಣಾನ ನೋಡಿದವರು ನೀವು. ಆಟ ಬದಲ ಮಾಡಿದವರೂ ನೀವು. ಕೆಂಪು ಇರಬೇಕಾದಲ್ಲಿ ಹಸಿರು ಕಂಡ್ರಿ. ಕಂಡು ದುಪ್ಪಟಿ ಹೊದಿಸಿದ್ರಿ. ಪಾಷಾನ್ನ ಕೈಗೆ ಹಗ್ಗ ಹಾಕಿ ಒಯ್ಯುವಾಗ ಬಾಯಾಗ ಏನು ಕಡುಬು ಇತ್ತೇನು ನಿಮಗ?"

ಕಾಶಿನಾಥ ಎದ್ದು ಹೋಗಲು ನೋಡಿದ. ಮುರಿಗೆಪ್ಪ ಅವನ ಜುಬ್ಬಾದ ಕೊರಳಪಟ್ಟಿ ಹಿಡಿದು ಮತ್ತೆ ಪೆಟ್ಟಿಗೆಯ ಮೇಲೆ ಕೂರಿಸಿದ. ಬಟ್ಟೆ ಪರಕ್ಕೆಂದಿತು. ತನ್ನ ಸಿಟ್ಟಿನ ಮೇಲೆ ಮುರಿಗೆಪ್ಪನಿಗೆ ಯಾವತ್ತೂ ಹಿಡಿತವಿರಲಿಲ್ಲ, ಇವತ್ತು ಅದು ಬೇಕಾಗಿಯೂ ಇರಲಿಲ್ಲ.

"ಹನ್ನೆರಡು ವರ್ಷ ನಿನ್ನ ಮಂಡಳಿಗೆ ಸೂಜಿ ಹಿಡದಾನ ಅಂವ. ಅವನ ಹೆಂಡತಿ ಅಲ್ಲಿ ಗೇಟಿನಾಗ ಕುಂತಾಳ. ಹೋಗಿ ಆಕೀ ಮುಂದ ನಿಂತು ಹೇಳು, ನನಗ ಎಲ್ಲಾ ಗೊತ್ತಿತ್ತು, ರೈಲಿಗೆ ಹೊತ್ತಾಗ್ತದ ಅಂತ ಸುಮ್ಮನಿದ್ದೆ ಅಂತ."

ಕಾಶಿನಾಥನ ಬೆನ್ನು ಮೊದಲ ಸಲ ಬಾಗಿತು.

"ಹಸಿರು ನೋಡಿ ಅಲ್ರೀ," ಎಂದ. "ಅದಕ್ಕೂ ಮೊದಲ ಗೊತ್ತಾಗಿತ್ತು. ನವಿಲು ಸ್ಟೇಜಿಗೆ ಬಂದು ಒಂದು ನಿಮಿಷಕ್ಕ."

"ಹೆಂಗ?"

"ಎಲ್ಲಾ ಸುತ್ತಿನಾಗೂ ನೀಲಕ್ಕ ಬಲಕ್ಕ ತಿರಗತಾಳ. ನಾನ ಕಲಿಸೀನಿ. ನಿನ್ನಿ ನವಿಲು ಮೊದಲನೇ ಸುತ್ತಿನಿಂದಾನ ಎಡಕ್ಕ ತಿರಗಿತು."

ಮುರಿಗೆಪ್ಪನಿಗೆ ಅರ್ಥವಾಗಲಿಲ್ಲ. ಎಡವೋ ಬಲವೋ, ತಪ್ಪಿ ತಿರುಗಿರಬಹುದಲ್ಲ ಎಂದ.

ತಪ್ಪಿ ಅಲ್ಲ ಎಂದ ಕಾಶಿನಾಥ. ಹನ್ನೊಂದು ವರ್ಷದ ಹಿಂದೆ ಮಂಡಳಿಗೆ ಒಂಬತ್ತು ಆಟ ಇರಲಿಲ್ಲ, ಒಂದೇ ಇತ್ತು. ಕಾಡಿನ ಕಥೆ, ಮೂರು ತಾಸಿನದು. ಒಂದು ಊರಿನಲ್ಲಿ ನೋಡಿದವರು ಎರಡನೇ ದಿನ ಬರುತ್ತಿರಲಿಲ್ಲ. ಆಮೇಲೆ ಜನಕ್ಕೆ ಬಗೆಬಗೆ ಬೇಕಾಯಿತು. ಹಳೆಯ ಕಥೆಯಿಂದ ನವಿಲನ್ನು ಕಿತ್ತು ಬೇರೆ ಆಟ ಮಾಡಿದ, ಬೆಸ್ತರನ್ನು ಸೇರಿಸಿದ, ಗಾಲಿ ಸೇರಿಸಿದ. ಆಗಲೇ ಹೊಸ ದೀಪಗಳಿಗೆ ಹೊಂದಲೆಂದು ನವಿಲಿನ ಸುತ್ತನ್ನು ಎಡದಿಂದ ಬಲಕ್ಕೆ ತಿರುಗಿಸಿದ. ಒಳಗೊಂದು ಬಟ್ಟೆ ಉಡುವ ಪದ್ಧತಿ ಬಂದದ್ದೂ ಆಗಲೇ, ಒಂದೇ ಆಟವಿದ್ದಾಗ ಅದು ಬೇಕಿರಲಿಲ್ಲ.

ಮುರಿಗೆಪ್ಪ ಕೊರಳಪಟ್ಟಿ ಬಿಟ್ಟ.

ಈಗ ಕಂಡಿತು. ಕೊಂದವರು ಮಂಡಳಿಯ ಹಳೆಯ ಪದ್ಧತಿಯೆಲ್ಲ ಬಲ್ಲವರು. ಮುಖವಾಡ ಹಾಕಿದರೆ ಮಾತಿಲ್ಲ ಎಂಬುದು ಗೊತ್ತು, ನವಿಲಿನ ಹೆಜ್ಜೆ ಗೊತ್ತು. ಆದರೆ ಒಳಗಿನ ಸೀರೆ ಮುಂದಿನ ಆಟದ್ದು ಎಂಬುದು ಗೊತ್ತಿಲ್ಲ. ಅದಕ್ಕೇ ರೇಷ್ಮೆ ಮೊಳೆಯ ಮೇಲೆ ಉಳಿಯಿತು, ಹೆಣದ ಮೈಮೇಲೆ ಹಸಿರು ಉಳಿಯಿತು. ಈಗಿನ ಮಂಡಳಿಯವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಬಿಟ್ಟುಹೋದವರು ಮಾಡುತ್ತಾರೆ.

"ನಿಮ್ಮ ಹೆಂಡತಿ ಗಂಗಾದೇವಿಯವರು ಹಳಬರಲ್ಲ?"

"ಆಕಿ ಎಂದೂ ಕುಣದಾಕಿ ಅಲ್ಲ. ಮೈಕಿನಾಗ ಆಟದ ಹೆಸರು ಹೇಳಾಕಿ. ನಿನ್ನಿ ನವಿಲು ಕುಣಿಯುವಾಗ ನಿಮ್ಮ ಮ್ಯಾನೇಜರ್ ಹೆಂಡತಿ ಬಾಜೂಕ ಕುಂತಿದ್ಲು. ನೀವ ನೋಡೀರಿ."

ನೋಡಿದ್ದು ನಿಜ. ಮುರಿಗೆಪ್ಪನೇ ಅವಳಿಗೆ ಕುರ್ಚಿ ಹಾಕಿಸಿದ್ದ.

"ಹಂಗಾದ್ರ ಎಡಕ್ಕ ತಿರಗೋ ನವಿಲು ಯಾರದು?"

"ಮೊದಲನೇ ನವಿಲು," ಎಂದ ಕಾಶಿನಾಥ. "ನಾವು ಚಂದ್ರಕಲಾ ಅಂತ ಹೆಸರಿಟ್ಟಿದ್ವಿ. ಖರೇ ಹೆಸರು ಬೋರ್ಡಿಗೆ ಚಂದ ಕಾಣೂದಿಲ್ಲ ಅಂತ. ಹದಿನೆಂಟು ವರ್ಷದ ಹುಡುಗಿ. ನವಿಲಿನ ಕುಣಿತ ಕಟ್ಟಿದಾಕಿ ಆಕೀನರೀ. ಕಾಗದದ ಮ್ಯಾಲೆ ನನ್ನ ಹೆಸರು ಹಾಕಿಕೊಂಡೆ. ಒಂದು ದಿನ ಜಗಳ ಆತು. ಮುಖವಾಡ ಕಸಗೊಳ್ಳುವಾಗ ಕೊಕ್ಕಿನ ತಂತಿ ಬಡದು ರಕ್ತ ಬಂತು. ಮರುದಿನ ಆಕಿ ಇರಲಿಲ್ಲ. ಎಲ್ಲಿಗೆ ಹೋದ್ಲೋ, ಬದುಕ್ಯಾಳೋ ಇಲ್ಲೋ, ನನಗ ಗೊತ್ತಿರಲಿಲ್ಲ. ನಿನ್ನಿ ಎಡಕ್ಕ ತಿರುಗಿದ್ದು ನೋಡಿದ ಮ್ಯಾಲೆ ಗೊತ್ತಾತು, ಬದುಕ್ಯಾಳ."

"ಮತ್ತ ಬಾಯಿ ಯಾಕ ಬಿಡಲಿಲ್ಲ?"

"ಒಂದು ಸಲ ಆಕಿ ಕುಣಿತಾನ ಕಸಗೊಂಡೀನಿ. ಈಗ ಆಕೀ ಕೊರಳು ಹೆಂಗ ಕೊಡಲಿ?"

ಮುರಿಗೆಪ್ಪನಿಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ನಿನ್ನ ಪಾಪ ತೊಳಕೊಳ್ಳಾಕ ಪಾಷಾನ ಕೊರಳು ಕೊಟ್ಟಿ. ನೀಲಕ್ಕನ ಕೊರಳು ಹೋದದ್ದು ಬ್ಯಾರೆ. ನೀಲಕ್ಕ ಏನು ಮಾಡಿದ್ಲು ಆ ಚಂದ್ರಕಲಾಗ?"

ಅದು ತನಗೆ ತಿಳಿಯದು ಎಂದ ಕಾಶಿನಾಥ. ಅವನ ಕಣ್ಣು ಸುಳ್ಳು ಹೇಳುತ್ತಿರಲಿಲ್ಲ.

"ಆಕಿ ಮುಖ ತೋರಿಸು. ಫೋಟೋ ಇರಬೇಕಲ್ಲ. ಈ ಪೆಟ್ಟಿಗಿ ಯಾರಿಗೂ ಮುಟ್ಟಾಕ ಕೊಡಲಿಲ್ಲ ನೀ, ಸುಮ್ಮಸುಮ್ಮನ ಅಲ್ಲ ಅದು."

ಕಾಶಿನಾಥ ಎದ್ದು ಮುಚ್ಚಳ ಎತ್ತಿದ. ಒಳಬದಿಗೆ ಹಳೆಯ ಪ್ರದರ್ಶನದ ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿತ್ತು. ಮೇಲಿನದರಲ್ಲಿ ಮೂರು ಆಟಗಳ ಹೆಸರು, ಅದರ ಕೆಳಗಿನದರಲ್ಲಿ ಒಂದೇ. ಉಗುರಿನಿಂದ ಒಂದೊಂದೇ ಪದರ ಬಿಡಿಸಿದ. ಎಲ್ಲಕ್ಕಿಂತ ಕೆಳಗೆ ಅಂಗೈಯಗಲದ ಕಪ್ಪುಬಿಳುಪು ಚಿತ್ರ. ಅಂಟು ಒಣಗಿ ಅಂಚು ಸುರುಳಿಯಾಗಿತ್ತು.

ಮುರಿಗೆಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

ಬಿದಿರಿನ ಗೂಡಿನಲ್ಲಿ ಸೊಂಟದವರೆಗೆ ಹೊಕ್ಕು, ಮುಖವಾಡವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಬ್ಬ ಹುಡುಗಿ ನಗುತ್ತಿದ್ದಳು. ಅಂಥ ನಗುವನ್ನು ಅವನು ಆ ಮುಖದ ಮೇಲೆ ಒಂದು ದಿನವೂ ನೋಡಿರಲಿಲ್ಲ. ಅದಕ್ಕೇ ಮೊದಲ ಕ್ಷಣ ಗುರುತು ಹತ್ತಲಿಲ್ಲ. ಹುಬ್ಬು ನೋಡಿದ. ಎಡಹುಬ್ಬಿನ ಮೇಲೆ ಬಿಳಿ ಪಟ್ಟಿ ಅಂಟಿಸಿತ್ತು.

"ಈ ಗಾಯ..." ಎಂದ.

"ತಂತಿದು. ಜಗಳ ಆದ ದಿನಾನ ತೆಗೆದ ಫೋಟೋ ಅದು. ಊರವರು ಬಂದು ನಿಂತಿದ್ರು, ನಗು ಅಂದೆ, ನಕ್ಳು."

ಬಾವಿಯ ಮೆಟ್ಟಿಲು ಜಾರಿ ಬಿದ್ದದ್ದು ಎಂದು ನಿಂಗವ್ವ ಹೇಳಿದ್ದಳು. ಒಂಬತ್ತು ವರ್ಷ ಅವನು ಅದನ್ನೇ ನಂಬಿದ್ದ.

ಬಿಸಿನೀರಿನ ಬೋಗುಣಿ. ಮೊನ್ನೆ ಪ್ರದರ್ಶನದ ಕಾಗದ ಮನೆಗೆ ಒಯ್ದಾಗ ಅವಳು ನವಿಲಿನ ಮುಂದೆ ನೀಲಕ್ಕನ ಹೆಸರಿದ್ದ ಸಾಲನ್ನು ಮೂರು ಸಲ ಓದಿದ್ದು. ರೈಲು ಎಷ್ಟೊತ್ತಿಗೆಂದು ಕೇಳಿ ಕಳಿಸಿದ್ದು. ಕ್ವಾಟ್ರಸ್ಸಿನೋರು ಬಿಟ್ರೆ ನೊಣ ಬರ್ನಿಲ್ಲ ಎಂದಿದ್ದ ನರಸಯ್ಯ, ಸುಳ್ಳು ಹೇಳಿರಲಿಲ್ಲ. ಕ್ವಾರ್ಟರ್ಸಿನ ಹೆಂಗಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕಿಲ್ಲ, ಅವರೇನು ಕಳ್ಳರೇ ಎಂದು ಮೊದಲನೇ ಪುಟದಲ್ಲಿ ಕಟ್ಟಪ್ಪಣೆ ಬರೆದು ಸಹಿ ಹಾಕಿದವನು ಮುರಿಗೆಪ್ಪನೇ.

"ಆಕೀನ ಎಲ್ಲರೆ ನೋಡೀರೇನು ನೀವು?" ಎಂದು ಕಾಶಿನಾಥ ಕೇಳುತ್ತಿದ್ದ.

ಮುರಿಗೆಪ್ಪ ಚಿತ್ರವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮೆಟ್ಟಿಲಿಳಿದ.

ಸಭಾಭವನದ ಬಾಗಿಲಿನಲ್ಲಿ ಸಬೀರಾ ನಿಂತಿದ್ದಳು. ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು.

"ಅಣ್ಣಾ, ಫೋನ್ ಬಂದೈತೆ. ಇನ್‌ಸ್ಪೆಕ್ಟರ್ ಸಾಬ್."

ಕ್ಯಾಬಿನ್ನಿಗೆ ಐವತ್ತು ಹೆಜ್ಜೆ. ಅಷ್ಟು ದೂರವೂ ಅವಳು ಅವನ ಹಿಂದೆಯೇ ಬಂದಳು. ಮೇಜಿನ ಮೇಲೆ ಊಟದ ಡಬ್ಬಿ ತೊಳೆದು ಬೋರಲು ಹಾಕಿತ್ತು. ಮುರಿಗೆಪ್ಪ ರಿಸೀವರು ಎತ್ತಿದ.

"ನಾಲ್ಕ್ ಗಂಟೆ ಆಯ್ತು ಕಣ್ರೀ," ಎಂದ ರಾಮಕೃಷ್ಣಪ್ಪ. "ನಿಮ್ಮ್ ಮಾತ್ಗೆ ಬೆಲೆ ಕೊಟ್ಟು ಪಾಷಾನ ಲಾಕಪ್ಪಿಂದ ಈಚೆ ಕೂರ್ಸಿದೀನಿ. ಸಿಕ್ತಾ? ಯಾರು ಕುಣಿದಿದ್ದು?"

ಮುರಿಗೆಪ್ಪ ಬಾಯಿ ತೆರೆದ. ಎದುರಿಗೆ ಸಬೀರಾ ಅವನ ತುಟಿಯನ್ನೇ ನೋಡುತ್ತಿದ್ದಳು.

ಅವಳ ಹೆಗಲಿನಾಚೆ, ಕಿಟಕಿಯ ಸರಳುಗಳ ನಡುವೆ, ಕ್ವಾರ್ಟರ್ಸಿನ ರಸ್ತೆ ಕಾಣುತ್ತಿತ್ತು. ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದ ಹೆಂಗಸೊಬ್ಬಳು ಗೇಟಿನ ಕಡೆಗೆ ಬರುತ್ತಿದ್ದಳು. ಎಡಗಾಲು ಊರುವಾಗ ಸ್ವಲ್ಪ ಕುಂಟುತ್ತಿದ್ದಳು. ನರಸಯ್ಯ ಎದ್ದು ನಿಂತು, ಅಮ್ಮಾವ್ರೇ ಎಂದು ಕೈ ಮುಗಿದು, ಸರಪಳಿ ಇಳಿಸಿದ. ರಿಜಿಸ್ಟರು ಮುಚ್ಚಿದ್ದದ್ದು ಮುಚ್ಚಿದ ಹಾಗೇ ಇತ್ತು.

"ಹಲೋ? ಮುರಿಗೆಪ್ಪ? ಹೆಸರು ಹೇಳ್ರೀ."

ನಿಂಗವ್ವ ಗೇಟು ದಾಟಿದಳು. ದಾಟಿ, ಸ್ಟೇಷನ್ನಿನ ಕಡೆಗೆ ತಿರುಗಿದಳು.

ಎಡಕ್ಕೆ.